ಮಂಜಿಗೆ ಹಳದಿ, ದೂರಕ್ಕೆ ಬಿಳಿ

ಗಾಡಿಗಳ ವಯರಿಂಗ್ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಯಾವ ಮೀಟರ್ ಕೊಳ್ಳಬೇಕು ಎಂದು. ಮೀಟರ್ ಯಾವುದಾದರೂ ನಡೆಯುತ್ತದೆ, ಮೊದಲು ಮೂಗು ಪಳಗಿಸಿಕೊಳ್ಳಿ ಎನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದು ಅವರು ನಗುತ್ತಾರೆ. ಆದರೆ ಹೊಗೆ ಕಣ್ಣಿಗೆ ಬೀಳುವ ಮೊದಲೇ ಬಿಸಿಯಾದ ವಯರಿನ ವಾಸನೆ ಮೂಗಿಗೆ ಬರುತ್ತದೆ. ಆ ಸಣ್ಣ ಅವಧಿಯಲ್ಲಿ ಕೈ ಸ್ವಿಚ್ಚಿಗೆ ಹೋದರೆ ಗಾಡಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ನನ್ನ ಮೂಗು ಎಷ್ಟು ಪಳಗಿದೆಯೆಂದರೆ, ಒಗ್ಗರಣೆಯ ಮೆಣಸಿನಕಾಯಿ ತುಸು ಕರಕಾದರೂ ಹೊರಗಿನ ಕೋಣೆಯಿಂದಲೇ ಕೂಗುತ್ತೇನೆ. ಅಡುಗೆಮನೆ ನಿಮ್ಮ ಗ್ಯಾರೇಜಲ್ಲ ಎಂದು ಹೆಂಡತಿ ಅಲ್ಲಿಂದಲೇ ಉತ್ತರ ಕೊಡುತ್ತಾಳೆ.

ಕೆಂಪು ವಯರ್ ಯಾವುದು, ಕಂದು ವಯರ್ ಯಾವುದು ಎಂದು ಬೆಳಕಿಗೆ ಹಿಡಿದು ನೋಡಬೇಕಾದ ದಿನ ನಾನು ಕೆಲಸ ಬಿಟ್ಟೆ. ಯಾವಾಗ ಹೆಡ್ ಮಿಸ್ತ್ರಿಯಾದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರಿಗೂ ಕಲಿಯುವುದೇನಿಲ್ಲ. ನಾನು ಕೆಡಿಸಿದ ಕೆಲಸಗಳಿಂದ ಕಲಿಯಬಹುದು, ಮತ್ತು ಅವು ಬೇಕಾದಷ್ಟಿವೆ.

ನಾನು ಬೀದರ ಜಿಲ್ಲೆಯ ಭಾಲ್ಕಿಯ ಕಡೆಯವನು. ಇಪ್ಪತ್ತು ವರ್ಷ ಅಲ್ಲಿ ಲಾರಿ, ಟ್ರ್ಯಾಕ್ಟರುಗಳ ವಯರಿಂಗ್ ಮಾಡಿ, ಎರಡು ಸಾವಿರದ ಇಸವಿ ದಾಟಿದ ಮೇಲೆ, ಹೆಂಡತಿಯ ಅಣ್ಣನ ಮಾತು ಕೇಳಿ ನಾಶಿಕಕ್ಕೆ ಬಂದೆ. ನನಗಾಗ ನಲವತ್ತು ದಾಟಿತ್ತು. ನನಗೆ ಬಾರದ ಕೆಲಸವಿಲ್ಲ ಎಂಬ ಗರ್ವವೂ ಜೊತೆಗೇ ಬಂದಿತ್ತು. ಸೇರಿಕೊಂಡದ್ದು ಖಾಜಾ ಮಿಸ್ತ್ರಿಯ ವರ್ಕ್‌ಶಾಪಿಗೆ. ಅವರು ಹುಮನಾಬಾದಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಗಿರಾಕಿಗಳೊಡನೆ ಹಿಂದಿ, ಅಂಗಡಿಯವರೊಡನೆ ಮರಾಠಿ, ನನ್ನ ಜೊತೆ ಮಾತ್ರ ನಮ್ಮೂರ ಕನ್ನಡ. ಹಳೆಯ ಕಾಲದ ಕಾರು, ಜೀಪು ಬಿಟ್ಟರೆ ಬೇರೆ ಗಾಡಿಯನ್ನು ಅವರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹೊಸ ಕಾರಿನವರು ಬಂದರೆ, ಇದಕ್ಕೆ ಮಿಸ್ತ್ರಿ ಬೇಡ, ಕಂಪ್ಯೂಟರ್ ಕಲಿತವರು ಬೇಕು ಎಂದು ನಯವಾಗಿ ಸಾಗಹಾಕುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಯಾವ ಗಾಡಿ ಬಂದರೂ ಮೊದಲು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅದರ ಸುತ್ತ ಮೂರು ಸುತ್ತು ಹಾಕಬೇಕು. ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ. ಮೊದಲ ಸುತ್ತಿನಲ್ಲಿ ಗಾಡಿ ನೋಡಬೇಕು, ಎರಡನೆಯದರಲ್ಲಿ ಹಿಂದಿನವರು ಏನೇನು ಕೆಡಿಸಿದ್ದಾರೆ ನೋಡಬೇಕು, ಮೂರನೆಯದರಲ್ಲಿ ತಾನು ಏನು ಕೆಡಿಸಬಹುದು ಎಂದು ಯೋಚಿಸಬೇಕು. ಮೂರು ಸುತ್ತು ಮುಗಿದರೂ ಅವರಿಗೆ ಸಮಾಧಾನವಾಗದಿದ್ದರೆ ನಾಲ್ಕನೆಯದು. ನಲವತ್ತು ದಾಟಿದ ನನಗೆ ಇದು ದೇವಸ್ಥಾನದ ಪ್ರದಕ್ಷಿಣೆಯಂತೆ ಕಾಣುತ್ತಿತ್ತು. ಅವರು ನೋಡುತ್ತಿದ್ದರೆ ಹಾಕುತ್ತಿದ್ದೆ, ಬೆನ್ನು ತಿರುಗಿಸಿದರೆ ಒಂದೇ ಸುತ್ತಿಗೆ ಮುಗಿಸುತ್ತಿದ್ದೆ.

ಒಂದೇ ಸುತ್ತಿನ ಫಲ ಬೇಗ ಸಿಕ್ಕಿತು. ಸಟಾಣಾದ ದಾಳಿಂಬೆ ತೋಟದವರೊಬ್ಬರು ಹಳೆಯ ಜೀಪು ತಂದು, ಮುಂದೆ ಎರಡು ಸ್ಪಾಟ್ ಲೈಟ್ ಹಾಕಿಕೊಡಿ ಎಂದರು. ಒಳಗಿನ ವಯರುಗಳನ್ನೆಲ್ಲ ಹಿಂದಿನವರು ಒಂದೇ ಬಣ್ಣದಲ್ಲಿ ಹಾಕಿದ್ದರು. ನಾನು ಅದನ್ನು ನೋಡಲಿಲ್ಲ, ಸಂಜೆಯೊಳಗೆ ಕೆಲಸ ಮುಗಿಸಿ ಕಳಿಸಿದೆ. ಮರುದಿನ ಅವರಿಂದ ಫೋನು. ಹಾರ್ನ್ ಒತ್ತಿದರೆ ಹಾರ್ನಿನ ಜೊತೆ ಸ್ಪಾಟ್ ಲೈಟೂ ಹತ್ತುತ್ತಿದೆಯಂತೆ. ಬಂದು ಸರಿ ಮಾಡುತ್ತೇನೆ ಎಂದೆ. ಅವರು ಬೇಡವೇ ಬೇಡ ಎಂದರು. ಹಾರ್ನಿಗೆ ಜಗ್ಗದ ದನಗಳು ಈಗ ಬೆಳಕಿಗೆ ಬೆದರಿ ದಾರಿ ಬಿಡುತ್ತಿವೆ, ತಮ್ಮ ಭಾವನ ಜೀಪಿಗೂ ಹೀಗೆಯೇ ಮಾಡಿಕೊಡಬೇಕು ಎಂದು ಬೇಡಿಕೆ. ಮಿಸ್ತ್ರಿಗೆ ನಾನು ಏನೂ ಹೇಳಲಿಲ್ಲ. ಭಾವನೇ ಬಂದು ಎಲ್ಲರೆದುರು ಹೊಗಳಿದಾಗ ಗುಟ್ಟು ಹೊರಬಿತ್ತು, ವಾರವಿಡೀ ವರ್ಕ್‌ಶಾಪಿನಲ್ಲಿ ನನ್ನನ್ನು ಕಂಡವರೆಲ್ಲ ಬಾಯಲ್ಲೇ ಹಾರ್ನ್ ಹೊಡೆದರು.

ಇನ್ನು ಮಹಾನಂದಾಬಾಯಿಯವರ ಕಾರಿನ ವಿಷಯ. ನನ್ನ ಇಡೀ ಕೆಲಸದ ಆಯುಷ್ಯದಲ್ಲಿ ನನಗೆ ಪಾಠ ಕಲಿಸಿದ ಗಾಡಿ ಅದೊಂದೇ ಎಂದರೂ ತಪ್ಪಿಲ್ಲ.

ಅದು ಹಾಲುಕೆನೆ ಬಣ್ಣದ ಹಳೆಯ ಇಂಗ್ಲಿಷ್ ಕಾರು. ತಂದವರು ಅರವತ್ತರ ಆಸುಪಾಸಿನ ಹೆಂಗಸು. ಇಳಕಲ್ ಸೀರೆ, ಕಾಲಿಗೆ ಕ್ಯಾನ್ವಾಸ್ ಬೂಟು. ತಾವೇ ಓಡಿಸಿಕೊಂಡು ಬಂದು, ರಿವರ್ಸಿನಲ್ಲಿ ಒಂದೇ ಸಲಕ್ಕೆ ಕಂಬಗಳ ನಡುವೆ ನಿಲ್ಲಿಸಿದರು. ಬ್ಯಾಟರಿ ಬಿಗಿಯಾಗಿಲ್ಲ, ಅಲುಗಾಡುತ್ತಿದೆ ಎಂದು ಮರಾಠಿಯಲ್ಲಿ ಹೇಳಿದರು. ಮಿಸ್ತ್ರಿ ಹೊರಗೆ ಹೋಗಿದ್ದರು. ಇಷ್ಟು ಸಣ್ಣ ಕೆಲಸಕ್ಕೆ ಸುತ್ತು ಯಾಕೆ ಎಂದು ನಾನು ಬಾನೆಟ್ ಎತ್ತಿ ಬಾಗಿದೆ.

ಇಲ್ಲಿ ನನ್ನ ಕೊರಳಿನ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಇಷ್ಟಲಿಂಗವನ್ನು ಮೈಯಿಂದ ತೆಗೆಯುವುದಿಲ್ಲ. ವಯರಿಂಗ್ ಕೆಲಸದವರು ಉಂಗುರ, ಗಡಿಯಾರ ಬಿಚ್ಚಿಟ್ಟು ಕೂರಬೇಕು, ನಾನೂ ಬಿಚ್ಚುತ್ತಿದ್ದೆ. ಆದರೆ ಶಿವದಾರದಲ್ಲಿ ತೂಗುವ, ಲಿಂಗವಿರುವ ಬೆಳ್ಳಿಯ ಕರಡಿಗೆ ಮಾತ್ರ ಅಂಗಿಯೊಳಗೇ ಇರುತ್ತಿತ್ತು. ಅದು ಹೊರಗೆ ಜಾರಿದರೂ ಬ್ಯಾಟರಿಯ ಪ್ಲಸ್ ಕಡೆ ಹೋಗದಂತೆ ಇಪ್ಪತ್ತು ವರ್ಷ ಕಾಪಾಡಿಕೊಂಡಿದ್ದೆ. ಮೈನಸ್ ಕಡೆಯ ಭಯವೇ ಇರಲಿಲ್ಲ, ಏಕೆಂದರೆ ನಾನು ಕಂಡ ಗಾಡಿಗಳಲ್ಲೆಲ್ಲ ಮೈನಸ್ಸನ್ನು ಗಾಡಿಯ ಬಾಡಿಗೇ ಜೋಡಿಸಿರುತ್ತಿದ್ದರು. ಹಳೆಯ ಇಂಗ್ಲಿಷ್ ಕಾರುಗಳು ಇದಕ್ಕೆ ತೀರಾ ಉಲ್ಟಾ. ಅವುಗಳಲ್ಲಿ ಪ್ಲಸ್ ಬಾಡಿಗೆ ಹೋಗುತ್ತದೆ, ಜೀವ ಇರುವುದು ಮೈನಸ್ಸಿನಲ್ಲಿ. ಮೂರು ಸುತ್ತು ಹಾಕಿದ್ದರೆ ಬಾಡಿಗೆ ಹೋದ ದಪ್ಪ ಪಟ್ಟಿ ಯಾವ ಕಡೆಯದೆಂದು ಕಾಣುತ್ತಿತ್ತು. ನಾನು ನಿಶ್ಚಿಂತೆಯಿಂದ ಮೈನಸ್ ಮೇಲೆ ಬಾಗಿದೆ. ಕರಡಿಗೆ ಜಾರಿ ಆ ತುದಿಗೂ ಬ್ಯಾಟರಿಯನ್ನು ಹಿಡಿದ ಕಬ್ಬಿಣದ ಚೌಕಟ್ಟಿಗೂ ನಡುವೆ ಕೂತಿತು. ಪಟ್ಟನೆ ನೀಲಿ ಕಿಡಿ ಹಾರಿತು. ನಾನು ಹಿಂದಕ್ಕೆ ಬಿದ್ದೆ.

ಕಣ್ಣು ಬಿಟ್ಟಾಗ ಆ ಹೆಂಗಸು ನನ್ನ ಮೇಲೆ ಬಾಗಿ ಅಚ್ಚ ಕಲಬುರಗಿ ಕನ್ನಡದಲ್ಲಿ ಕೇಳುತ್ತಿದ್ದರು:

“ಲಿಂಗಕ್ಕ ಏನೂ ಆಗಿಲ್ಲಲ್ರೀ?”

ನನಗೇನಾಯಿತು ಎಂದು ಕೇಳಲಿಲ್ಲ. ಕರಡಿಗೆ ತೆರೆದು ನೋಡಿದೆವು, ಒಳಗೆ ಏನೂ ಆಗಿರಲಿಲ್ಲ, ಬೆಳ್ಳಿಯ ಮೇಲೆ ಮಾತ್ರ ಎಳ್ಳಿನಷ್ಟು ಕಪ್ಪು ಚುಕ್ಕೆ. ಆಮೇಲೆ ನೆಲದ ಮೇಲೆ ಕೂತೇ ಊರು ಕೇರಿಯ ವಿಚಾರ ಮಾತಾಡಿದೆವು. ಅವರ ತವರು ಆಳಂದ. ನಾಶಿಕದ ಒಣದ್ರಾಕ್ಷಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷ. ಕಾರು ತೀರಿಕೊಂಡ ಯಜಮಾನರದು, ಓಡಿಸಲು ಕಲಿಸಿದವರೂ ಅವರೇ. ಈಗ ವ್ಯಾಪಾರ ನೋಡುವವರು ಇವರು. ಮನೆಯಲ್ಲಿ ಕನ್ನಡಕ್ಕೆ ಕನ್ನಡದಲ್ಲಿ ಉತ್ತರ ಕೊಡುವವರು ಯಾರೂ ಉಳಿದಿಲ್ಲ, ಮಗ ಬಸವರಾಜನಿಗೆ ಎಲ್ಲ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಮರಾಠಿ ಎಂದು ನಕ್ಕರು. ಅಂದಿನಿಂದ ಅವರು ನನಗೆ ಅಕ್ಕ.

ಮಿಸ್ತ್ರಿ ಬಂದು ಎಲ್ಲ ಕೇಳಿದರು. ಕರಡಿಗೆ ತೆಗೆದಿಡು ಎಂದು ಹೇಳುತ್ತಾರೆ, ನಾನು ಒಲ್ಲೆ ಎನ್ನುತ್ತೇನೆ, ಕೆಲಸ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿಕೊಂಡೇ ನಿಂತಿದ್ದೆ. ಅವರು ನೇರ ವರ್ಕ್‌ಶಾಪಿನ ಹಿಂದಿದ್ದ ತಮ್ಮ ಮನೆಯೊಳಗೆ ಹೋದರು. ಅವರ ಹೆಂಡತಿ ಹೊರಬಂದು ನನ್ನ ಕೊರಳಿನ ಅಳತೆ ಕಣ್ಣಿನಲ್ಲೇ ತೆಗೆದುಕೊಂಡರು. ಸೀಟಿನ ಚರ್ಮದ ತುಂಡೊಂದನ್ನು ಕೈಗೆತ್ತಿಕೊಂಡವರು, ಇದು ನಿಮಗೆ ನಡೆಯುವುದಿಲ್ಲವಲ್ಲ ಎಂದು ಕೆಳಗಿಟ್ಟು, ದಪ್ಪ ಕ್ಯಾನ್ವಾಸನ್ನು ಮೂರು ಪದರ ಮಾಡಿ ಒಂದು ಚೀಲ ಹೊಲಿದುಕೊಟ್ಟರು. ಕರಡಿಗೆ ಅದರೊಳಗೆ ಬೆಚ್ಚಗೆ ಕೂತಿತು. ಈಗಲೂ ಅದೇ ಚೀಲ ನನ್ನ ಕೊರಳಲ್ಲಿದೆ, ಅಂಚು ಎರಡು ಸಲ ಹೊಲಿಸಿದ್ದೇನೆ ಅಷ್ಟೆ.

ಅಕ್ಕ ಮುಂದೆ ನಾಲ್ಕೈದು ವರ್ಷ ಸಣ್ಣಪುಟ್ಟ ಕೆಲಸಕ್ಕೆ ಬಂದು ಹೋಗುತ್ತಿದ್ದರು. ಒಂದು ಚಳಿಗಾಲದಲ್ಲಿ ಅವರು ಬಂದಾಗ ಕಾರಿನ ಮುಂದಿನ ಬಂಪರ್ ಸೊಟ್ಟಗಿತ್ತು, ಅವರ ಮುಖವೂ ಹಾಗೇ ಇತ್ತು. ನಿಫಾಡದ ದ್ರಾಕ್ಷಿ ತೋಟಗಳಿಗೆ ಅವರು ನಸುಕಿನಲ್ಲೇ ಹೋಗುವವರು. ಗೊಂಚಲು ನೋಡಿ ವ್ಯಾಪಾರದ ಮಾತು ಮುಗಿಸಲು ಅದೇ ಹೊತ್ತು ಸರಿ ಎಂಬುದು ಅವರ ನಂಬಿಕೆ. ಹಿಂದಿನ ದಿನ ಮಂಜಿನಲ್ಲಿ ದಾರಿಯ ಅಂಚು ಕಾಣದೆ ಕಾರು ತೋಟದ ಕಾಲುವೆಗೆ ಇಳಿದಿತ್ತು. ಅವರಿಗೆ ಏನೂ ಆಗಿರಲಿಲ್ಲ, ಆದರೆ ಮಗ ಹೆದರಿದ್ದ. ಆಗಿನ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಅವನ ಗೆಳೆಯನೊಬ್ಬನ ಹೋಟೆಲಿತ್ತು. ಆ ಗೆಳೆಯ ಬಹಳ ದಿನದಿಂದ ಈ ಕಾರು ಕೇಳುತ್ತಿದ್ದ. ಹೋಟೆಲಿನ ಬಾಗಿಲಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿ, ಅದರ ಮೇಲೆ ಕಾರು ನಿಲ್ಲಿಸಿ, ಸುತ್ತ ಹೂಕುಂಡ ಇಡುವುದು ಅವನ ಆಸೆ.

“ಓಡೋ ಗಾಡಿನ ಕಟ್ಟಿ ಮ್ಯಾಲ ಕೂಡಸ್ತಾರಂತ ನೋಡ್ರಿ,” ಎಂದರು ಅಕ್ಕ. “ನಾಳಿ ನನ್ನೂ ಕೂಡಸ್ತಾರ.”

ಕೊನೆಗೆ ತಾಯಿ ಮಗ ಒಂದು ಒಪ್ಪಂದಕ್ಕೆ ಬಂದಿದ್ದರು. ಜನವರಿಯಲ್ಲಿ ಔರಂಗಾಬಾದಿನಲ್ಲಿ ಅಕ್ಕನ ಮಗಳ ಹೊಸ ಮನೆಯ ಗೃಹಪ್ರವೇಶ. ಅಕ್ಕ ಅದೇ ಕಾರನ್ನು ನಸುಕಿನಲ್ಲಿ ನಾಶಿಕದಿಂದ ತಾವೇ ಓಡಿಸಿಕೊಂಡು ಹೋಗಬೇಕು, ಮಗ ತನ್ನ ಹೊಸ ಕಾರಿನಲ್ಲಿ ಹಿಂದೆ ಬರಬೇಕು. ಎಲ್ಲೂ ಎಡವದೆ ಮುಟ್ಟಿದರೆ ಮಾರುವ ಮಾತು ಮತ್ತೆ ಎತ್ತುವಂತಿಲ್ಲ. ಎಡವಿದರೆ ಕಾರು ಕಟ್ಟೆ ಹತ್ತುತ್ತದೆ. ಹೋಟೆಲಿನವನೂ ಗೃಹಪ್ರವೇಶಕ್ಕೆ ಬರುವವನಿದ್ದ. ಮಂಜಿನಲ್ಲಿ ದಾರಿ ಕಾಣುವಂತೆ ಮಾಡಿ, ಉಳಿದದ್ದು ನನಗಿರಲಿ ಎಂದು ಅಕ್ಕ ನನ್ನ ಮುಂದೆ ಕೂತರು.

ಹೊಸಬರಿಗೆ ಇಷ್ಟು ಹೇಳಬೇಕು. ಹೆಚ್ಚಿನ ದೀಪ ಎಂದರೆ ಹೆಚ್ಚಿನ ಬೆಳಕು ಎಂದುಕೊಳ್ಳಬೇಡಿ. ಸ್ಪಾಟ್ ಲೈಟ್ ದೂರಕ್ಕೆ. ಅದರ ಬೆಳಕು ಕಿರಿದು, ನೇರ, ಬಿಳಿ. ಮಂಜಿನಲ್ಲಿ ಅದನ್ನು ಹಚ್ಚಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಮುಖಕ್ಕೇ ಮರಳುತ್ತದೆ, ಎದುರಿಗೆ ಸುಣ್ಣ ಬಳಿದ ಗೋಡೆ ನಿಲ್ಲಿಸಿದಂತಾಗುತ್ತದೆ. ಫಾಗ್ ಲೈಟನ್ನು ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರ ಕೂರಿಸಬೇಕು. ಅದರ ಬೆಳಕು ಅಗಲ, ಮೇಲಂಚು ಕತ್ತರಿಸಿದ ಹಾಗೆ ಚಪ್ಪಟೆ, ಮಂಜಿನ ಅಡಿಯಿಂದ ನುಸುಳಿ ದಾರಿಯ ಅಂಚು ತೋರಿಸುತ್ತದೆ. ಆ ಕಾಲದಲ್ಲಿ ಹಳದಿ ಗಾಜಿಗೇ ನಮ್ಮ ಮತ. ಮಂಜಿಗೆ ಹಳದಿ, ದೂರಕ್ಕೆ ಬಿಳಿ ಎಂದು ಮಿಸ್ತ್ರಿ ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಈಗ ಎಲ್‌ಇಡಿ ಬಂದು ಎಲ್ಲವೂ ಬಿಳಿ, ಎಲ್ಲವೂ ಸಣ್ಣ. ಗಾಡಿಯೂ ಬೇಕಾದಷ್ಟು ಕರೆಂಟು ತಯಾರಿಸುತ್ತದೆ. ಹಳೆಯ ಕಾರಿನಲ್ಲಿ ಕರೆಂಟು ಕೊಡುವುದು ಡೈನಮೋ. ಅದು ಎಂಜಿನ್ ಜೋರಾಗಿ ತಿರುಗಿದರೆ ಮಾತ್ರ ಕೊಡುತ್ತದೆ, ನಿಧಾನವಾದರೆ ಕೈ ಎತ್ತುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ತಪ್ಪು ಮಾಡಿದೆ.

ಮೊದಲನೆಯದು ಸ್ವಿಚ್ಚಿನದು. ಕಾರಿನ ಡ್ಯಾಶ್‌ಬೋರ್ಡು ತೇಗದ್ದು, ಯಜಮಾನರು ತಾವೇ ಪಾಲಿಶ್ ಹಾಕುತ್ತಿದ್ದುದು. ಅದಕ್ಕೆ ಹೊಸ ತೂತು ಹಾಕಕೂಡದು ಎಂದು ಅಕ್ಕ ಕಡ್ಡಿ ಮುರಿದಂತೆ ಹೇಳಿದರು. ಅದರಲ್ಲಿ ಮೊದಲೇ ಯಾವುದಕ್ಕೂ ಜೋಡಿಸದ ಒಂದು ಸ್ವಿಚ್ಚಿನ ಗುಂಡಿ ಇತ್ತು, ಎಳೆದರೆ ಹತ್ತುವಂಥದು. ಎರಡು ಹಳದಿ, ಎರಡು ಬಿಳಿ, ನಾಲ್ಕನ್ನೂ ಆ ಒಂದೇ ಗುಂಡಿಗೆ ಜೋಡಿಸಿಬಿಟ್ಟೆ. ಅವರ ಮನಸ್ಸು ನೋಯಿಸಬಾರದೆಂದು ಮಾಡಿದೆ. ಗಿರಾಕಿಯ ಮನಸ್ಸು ಕಾಯ್ದು ಗಿರಾಕಿಯ ಕಣ್ಣು ಮರೆತೆ.

ಎರಡನೆಯದು ಸುಳ್ಳು. ಕೆಲಸವೇನೋ ಚೆಂದ ಬಂದಿತ್ತು. ದಪ್ಪ ತಾಮ್ರದ ವಯರು, ರಿಲೇ, ಪ್ರತಿ ಜೋಡಿಗೂ ಬೇರೆ ಫ್ಯೂಸು, ಪ್ರತಿ ದೀಪಕ್ಕೂ ಬಣ್ಣ ಕೆರೆದು ಹಿಡಿದ ಅರ್ಥ್. ಕಾರನ್ನು ಹೆದ್ದಾರಿಗೆ ಒಯ್ದು ಜೋರಾಗಿ ಓಡಿಸಿ ನೋಡಿದೆ, ದೀಪಗಳು ಝಗಝಗ, ಬ್ಯಾಟರಿಗೆ ಕರೆಂಟು ಬರುತ್ತಿದೆಯೋ ಹೋಗುತ್ತಿದೆಯೋ ತೋರಿಸುವ ಆಂಪ್ ಮೀಟರಿನ ಮುಳ್ಳು ನಡುವೆ ನೆಟ್ಟಗೆ. ಮರಳಿ ಬಂದಾಗ ಮಿಸ್ತ್ರಿ, ಸಾವಕಾಶ ಓಡಿಸಿ ನೋಡಿದಿಯೇನು ಎಂದು ಕೇಳಿದರು. ಊಟದ ಹೊತ್ತಾಗಿತ್ತು. ನೋಡಿದೆ ಎಂದೆ. ಫಾಗ್ ಲೈಟನ್ನು ಮಂಜಿಲ್ಲದ ದಾರಿಯಲ್ಲಿ ಪರೀಕ್ಷೆ ಮಾಡಿ ಬಂದ ಜಾಣ ನಾನು.

ಹೊರಡುವ ದಿನ ನಸುಕಿನ ಐದಕ್ಕೆ ಅಕ್ಕ ನನ್ನನ್ನೂ ಕರೆದರು, ನಿಮ್ಮ ದೀಪದ ಮದುವೆ ನೀವೇ ನೋಡದಿದ್ದರೆ ಹೇಗೆ ಎಂದು. ನಾನು ಅವರ ಪಕ್ಕದಲ್ಲಿ, ಮೊಣಕಾಲ ಮೇಲೆ ಚಕ್ಕುಲಿಯ ಡಬ್ಬಿ. ಹಿಂದೆ ಬಸವರಾಜನ ಹೊಸ ಕಾರು. ಊರು ದಾಟಿದ ಕೂಡಲೇ ಅಕ್ಕ ಗುಂಡಿ ಎಳೆದರು. ದಾರಿ ಹಗಲಾಯಿತು. ಅವರು ಚಿಕ್ಕ ಹುಡುಗಿಯ ಹಾಗೆ ನಕ್ಕರು, ನನಗೂ ಹೆಮ್ಮೆಯಿಂದ ಎದೆ ಉಬ್ಬಿತು. ದೀಪಗಳು ಉರಿಯುತ್ತಲೇ ಇದ್ದವು. ಸುಮ್ಮನೆ ಯಾಕೆ ಎಂದು ನಾನೂ ಹೇಳಲಿಲ್ಲ, ಅವರ ಸಂತೋಷ ನೋಡುತ್ತ ಕೂತೆ.

ನಿಫಾಡ ಬರುತ್ತಿದ್ದಂತೆ ಮಂಜು ಇಳಿಯಿತು. ಅಲ್ಲಿಯ ಚಳಿ ಆ ಸೀಮೆಗೆಲ್ಲ ಗೊತ್ತು. ಕಾಯಿ ಹಾಳಾಗದಿರಲೆಂದು ತೋಟದವರು ಸಾಲುಗಳ ನಡುವೆ ಬೆಂಕಿ ಹಾಕಿದ್ದರು, ಅದರ ಹೊಗೆಯೂ ಮಂಜಿಗೆ ಸೇರಿತ್ತು. ನಮ್ಮ ಎದುರಿಗೆ ನಾನು ಈಗಷ್ಟೇ ಹೇಳಿದ ಬಿಳಿ ಗೋಡೆ ನಿಂತಿತು. ಸ್ಪಾಟ್ ಆರಿಸಿ ಎಂದೆ. ಅಕ್ಕ ಗುಂಡಿ ಒತ್ತಿದರು. ಹಳದಿಯೂ ಆರಿತು, ದಾರಿಯೇ ಇಲ್ಲವಾಯಿತು. ಮತ್ತೆ ಎಳೆದರು, ಗೋಡೆ ಮರಳಿತು. ಒಂದೇ ಗುಂಡಿಯ ಜಾಣತನ ಆಗ ನನ್ನ ತಲೆಗೆ ಹೊಕ್ಕಿತು. ಕಾರು ಆಳು ನಡೆದಂತೆ ಸಾಗುತ್ತಿತ್ತು. ಹಾಗೆ ಹತ್ತು ಹದಿನೈದು ನಿಮಿಷ ಹೋಗಿರಬೇಕು. ಹಳದಿ ಬೆಳಕು ಕೆಂಪಗಾಗತೊಡಗಿತು, ಎಂಜಿನ್ ಎರಡು ಸಲ ಕೆಮ್ಮಿತು. ಆಂಪ್ ಮೀಟರ್ ನೋಡಿದೆ. ಮುಳ್ಳು ಎಡಕ್ಕೆ ಮಲಗಿತ್ತು. ಡೈನಮೋ ಕೈ ಎತ್ತಿತ್ತು, ಬ್ಯಾಟರಿಯೊಂದೇ ಎಲ್ಲವನ್ನೂ ಹೊರುತ್ತಿತ್ತು, ಇನ್ನೇನು ಅದೂ ಮುಗಿಯುತ್ತಿತ್ತು.

ಇಲ್ಲಿ ಎಂಜಿನ್ ಆರಿದರೆ ಮತ್ತೆ ಹತ್ತುವುದಿಲ್ಲ. ಹಿಂದೆ ಮಗ, ಅವನ ಹಿಂದೆ ಉಳ್ಳಾಗಡ್ಡಿ ಲಾರಿಗಳು. ಕಾರು ಕಟ್ಟೆ ಹತ್ತುವುದು ಹಾಗಿರಲಿ, ಅಕ್ಕ ಮನೆ ಮುಟ್ಟುವುದೇ ದೊಡ್ಡದಿತ್ತು. ನಿಲ್ಲಿಸಿ, ಬಾನೆಟ್ ತೆಗೆಯುತ್ತೇನೆ ಎಂದೆ. ಅವರು ದಾರಿಯಿಂದ ಕಣ್ಣು ತೆಗೆಯಲಿಲ್ಲ.

“ನಿಂದ್ರಸಂಗಿಲ್ಲ. ನೀವು ಕೆಳಗ ಏನ್ ಕೀಳ್ತೀರಿ ಕೀಳ್ರಿ, ನಾ ಗೇರ್ ಇಳಸ್ತೀನಿ.”

ಫ್ಯೂಸುಗಳನ್ನು ನಾನು ಪುಣ್ಯಕ್ಕೆ ಡ್ಯಾಶ್‌ಬೋರ್ಡಿನ ಕೆಳಗೇ ಕೂರಿಸಿದ್ದೆ. ಚಕ್ಕುಲಿ ಡಬ್ಬಿ ಹಿಂದಕ್ಕೆ ಎಸೆದು ನನ್ನ ಕಾಲುಗಳ ನಡುವೆ ತಲೆ ತೂರಿಸಿದೆ. ಕತ್ತಲಲ್ಲಿ ಯಾವ ಫ್ಯೂಸು ಯಾವುದರದು ಕಾಣದು. ಮೂಗು ಹಚ್ಚಿದೆ. ಎರಡರಲ್ಲಿ ಒಂದರ ಕಡೆಯಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಹೆಚ್ಚು ಬರುತ್ತಿತ್ತು. ಸ್ಪಾಟಿನ ಬಲ್ಬೇ ಹೆಚ್ಚು ಕರೆಂಟು ಎಳೆಯುವುದು, ಅದರದೇ ಹೆಚ್ಚು ಬಿಸಿಯಾಗಬೇಕು ಎಂದು ದೇವರ ಮೇಲೆ ಭಾರ ಹಾಕಿ ಕಿತ್ತೆ. ಬಿಳಿ ಗೋಡೆ ಬಿದ್ದುಹೋಯಿತು. ಅದೇ ಹೊತ್ತಿಗೆ ಅಕ್ಕ ಸೆಕೆಂಡ್ ಗೇರಿಗೆ ಇಳಿಸಿದ್ದರು. ಕಾರಿನ ವೇಗ ಅಷ್ಟೇ, ಆದರೆ ಎಂಜಿನ್ ಮೇಲಿನ ಸ್ವರಕ್ಕೆ ಏರಿತು. ದೊಡ್ಡ ಹೆಡ್‌ಲೈಟನ್ನೂ ಅವರೇ ಆರಿಸಿದರು. ಮುಳ್ಳು ನಡುಗಿತು, ಎದ್ದಿತು, ನಡುವಿಗೆ ಬಂದು ನಿಂತಿತು. ನೆಲಕ್ಕೆ ಹತ್ತಿಕೊಂಡು ಎರಡು ಹಳದಿ ಬೆಳಕು ಮಂಜಿನ ಅಡಿಯಿಂದ ಹರಿದವು, ದಾರಿಯ ಅಂಚಿನ ಬೇಲಿಯ ಕಂಬಗಳು ಒಂದೊಂದೇ ಕಾಣತೊಡಗಿದವು.

ನಾನು ತಲೆ ಎತ್ತಿ, ಇದು ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದೆ. ಮುಳ್ಳು ಮಲಗಿದರೆ ಗೇರ್ ಇಳಿಸು ಎಂದು ಯಜಮಾನರು ಹೇಳಿಕೊಟ್ಟಿದ್ದರಂತೆ, ದ್ರಾಕ್ಷಿಯ ಸುಗ್ಗಿಯಲ್ಲಿ ಗಾಡಿ ತೋಟದಲ್ಲಿ ತೆವಳುವಾಗ. ಆಮೇಲೆ ಯೇವಲಾ ಮುಟ್ಟುವವರೆಗೆ ಅವರ ಕಣ್ಣು ದಾರಿಯ ಮೇಲೆ, ನನ್ನದು ಮುಳ್ಳಿನ ಮೇಲೆ. ಅಲ್ಲಿ ಬಿಸಿಲು ಬಿತ್ತು. ಅಕ್ಕ ಕೈ ಹಿಂದೆ ಚಾಚಿ, ಮುರಿದ ಚಕ್ಕುಲಿಯೊಂದನ್ನು ತೆಗೆದು ನನಗೆ ಕೊಟ್ಟರು.

ಹತ್ತು ಗಂಟೆಗೆ ಮೊದಲೇ ಔರಂಗಾಬಾದಿನ ಆ ಹೊಸ ಮನೆಯ ಮುಂದೆ ಇಳಿದೆವು. ಬೀಗರು, ನೆಂಟರು ಕಾರಿನ ಸುತ್ತ ಕೂಡಿದರು, ದೀಪಗಳನ್ನು ಹೊಗಳಿದರು. ಹೋಟೆಲಿನವನೂ ನಿಂತಿದ್ದ, ಮುಖ ಸ್ವಲ್ಪ ಬಾಡಿತ್ತು. ಆಗ ಬಸವರಾಜ ನನ್ನ ಕೈ ಹಿಡಿದು ಮಾವಿನ ತೋರಣದ ಕೆಳಗೆ ಪಕ್ಕಕ್ಕೆ ಕರೆದೊಯ್ದ. ನಿಫಾಡದ ಮುಂದೆ ನಿಮ್ಮ ದೀಪ ಮಂಕಾದದ್ದು ನಾನು ಕಂಡೆ, ನಿಜ ಹೇಳಿ ಎಂದು ಮರಾಠಿಯಲ್ಲಿ ಕೇಳಿದ.

ಅಲ್ಲಿಯೇ ಅಕ್ಕ ನಿಂತಿದ್ದರು. ಅವರು ನನ್ನ ಕಡೆ ನೋಡಲಿಲ್ಲ, ಸೆರಗು ಸರಿಮಾಡಿಕೊಳ್ಳುತ್ತಿದ್ದರು. ನಿಜ ಹೇಳಿದರೆ ಅವರ ಕಾರು ಹೋಗುತ್ತದೆ. ಏನೂ ಆಗಲಿಲ್ಲ ಎಂದರೆ ನನ್ನ ಕೆಟ್ಟ ವಯರಿಂಗಿನ ಮೇಲೆ ಅವರು ಇನ್ನೂ ಎಷ್ಟೋ ಮಂಜಿನಲ್ಲಿ ಹೋಗಬೇಕಾಗುತ್ತದೆ. ಮಿಸ್ತ್ರಿಗೆ ಹೇಳಿದ ಸುಳ್ಳು ನೆನಪಾಯಿತು. ಒಂದು ಸಾಕು ಅನಿಸಿತು. ನನಗೆ ಬಂದಷ್ಟು ಮರಾಠಿಯಲ್ಲಿ ಎಲ್ಲ ಹೇಳಿದೆ. ಒಂದೇ ಗುಂಡಿಗೆ ನಾಲ್ಕು ದೀಪ ಹಾಕಿದ್ದು ನನ್ನ ತಪ್ಪು, ಸಾವಕಾಶ ಓಡಿಸಿ ನೋಡದೆ ನೋಡಿದೆ ಎಂದದ್ದು ನನ್ನ ತಪ್ಪು, ದೀಪ ಸೋತಿತು, ನಮ್ಮನ್ನು ದಾಟಿಸಿದವರು ನಿಮ್ಮ ತಾಯಿ ಎಂದೆ.

ಅವನು ಅಕ್ಕನ ಕಡೆ ತಿರುಗಿದ. ಮೊದಲ ಸಲ ಅವನ ಬಾಯಲ್ಲಿ ಕನ್ನಡ ಕೇಳಿದೆ, ಮರಾಠಿ ಬೆರೆತದ್ದು. ಅದೂ ನನಗಲ್ಲ, ತಾಯಿಗೆ.

“ಆಯಿ, ನನಗ ಹೆದರಿಕಿ ಗಾಡೀದು ನಾಹೀ. ನಿಂದು. ನೀ ಮುಂದ ಇದ್ದಿ, ನಾ ನಿನ್ನ ಲಾಲ್ ಬತ್ತಿ ನೋಡಿ ನೋಡಿ ಬಂದೀನಿ. ನನಗ ಕಾಹೀಚ್ ಕಂಡಿಲ್ಲ.”

ಅವನ ಹೊಸ ಕಾರಿನ ಬಿಳಿ ದೀಪಗಳಿಂದ ಆ ಮಂಜಿನಲ್ಲಿ ಏನೂ ಕಂಡಿರಲಿಲ್ಲ. ಇಡೀ ದಾರಿ ತಾಯಿಯ ಹಿಂದಿನ ಕೆಂಪು ದೀಪ ಹಿಡಿದು ಬಂದಿದ್ದ. ಅಕ್ಕ ಅವನ ಕೆನ್ನೆ ಸವರಿ, ಕನ್ನಡ ಚಲೋ ಮಾತಾಡುತ್ತಿ, ದಿನಾ ಮಾತಾಡು ಎಂದರು. ನನ್ನ ಕಣ್ಣು ತುಂಬಿಬಂತು, ಹೋಮದ ಹೊಗೆ ಎಂದು ಒರೆಸಿಕೊಂಡೆ. ಕಾರು ಮಾರುವ ಮಾತು ಅಲ್ಲಿಗೇ ನಿಂತಿತು. ಹೋಟೆಲಿನವನು ಮಾತ್ರ ಕಟ್ಟೆ ಆಗಲೇ ಕಟ್ಟಿಸಿಬಿಟ್ಟಿದ್ದ. ಎರಡು ವರ್ಷ ಖಾಲಿ ಬಿಟ್ಟು, ಆಮೇಲೆ ಪೈಠಣದ ಕಡೆಯಿಂದ ಹಳೆಯ ಎತ್ತಿನ ಗಾಡಿ ತರಿಸಿ ಅದರ ಮೇಲೆ ಇಟ್ಟ. ಮಗಳ ಮನೆಗೆ ಹೋಗುವಾಗಲೆಲ್ಲ ಅಕ್ಕ ಆ ಕಟ್ಟೆಯ ಮುಂದೆ ಒಂದು ಸಲ ಹಾರ್ನ್ ಹೊಡೆದೇ ಮುಂದೆ ಹೋಗುತ್ತಿದ್ದರು.

ನಾಶಿಕಕ್ಕೆ ಮರಳಿದ ಮರುದಿನ ಬೆಳಿಗ್ಗೆ ಮಿಸ್ತ್ರಿಯ ಎದುರು ನಿಂತು ಎಲ್ಲವನ್ನೂ ಒಪ್ಪಿಸಿದೆ. ಸುಳ್ಳನ್ನು ಮೊದಲು ಹೇಳಿದೆ, ಆಮೇಲೆ ಗುಂಡಿಯದು, ಆಮೇಲೆ ಡೈನಮೋದು. ಮಗನ ಮುಂದೆ ಒಪ್ಪಿಕೊಂಡದ್ದನ್ನೂ ಹೇಳಿದೆ. ಈ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಹುಡುಕಲಿ ಎಂಬ ಯೋಚನೆ ಒಳಗೊಳಗೇ ನಡೆದಿತ್ತು. ಅವರು ಚಹಾದ ಲೋಟ ಕೆಳಗಿಟ್ಟು ಎದ್ದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ನನ್ನ ಸುತ್ತ ಒಂದು ಸುತ್ತು ಹಾಕಿದರು, ತಲೆಯಿಂದ ಕಾಲಿನವರೆಗೆ ನೋಡಿದರು. ಎರಡನೆಯದು ಹಾಕಿದರು. ಮೂರನೆಯದರಲ್ಲಿ ನನ್ನ ಕೊರಳಿನ ಕ್ಯಾನ್ವಾಸ್ ಚೀಲದ ಮುಂದೆ ಒಂದು ಕ್ಷಣ ನಿಂತರು. ಕೆಲಸದವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ನೋಡುತ್ತಿದ್ದರು. ನಾಲ್ಕನೆಯ ಸುತ್ತು ಹಾಕುತ್ತಾರೇನೋ ಎಂದು ನಾನು ಕಾದೆ. ಅವರು ಹಾಕಲಿಲ್ಲ.

“ಒಳಗಿನ ವಯರಿಂಗ್ ಸರಿ ಅದ,” ಎಂದರು. “ಹೋಗಿ ಆ ಬಾಯೀದು ಗಾಡಿ ತಗೊಂಡು ಬಾ.”